ಬಿ ಸೈಡಿನಲ್ಲಿ ಬಾಬಣ್ಣನ ಬ್ಯಾಂಡ್

ಸಂಗೀತದ ವಿಷಯದಲ್ಲಿ ನನ್ನ ಹತ್ತಿರ ಯಾರೂ ವಾದಕ್ಕೆ ಬರಬಾರದು. ಇದನ್ನು ನಾನು ಅಹಂಕಾರದಿಂದ ಹೇಳುತ್ತಿಲ್ಲ, ಟೇಪು ಹಿಡಿದು ಅಳತೆ ಮಾಡಿ ಹೇಳುತ್ತಿದ್ದೇನೆ. ಶಾಲೆಯಲ್ಲಿ ನಾನು ಮೂರನೇ ಕ್ಲಾಸಿನ ಬಾಗಿಲಿನ ತನಕ ಹೋಗಿ, ಒಳಗೆ ಕುಳಿತ ಮಾಸ್ತರರ ಮುಖ ನೋಡಿ ಹಾಗೆಯೇ ಹಿಂದೆ ಬಂದವನು. ಆದರೆ ಕಟಪಾಡಿ ಪೇಟೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾ ಈ ಸೀಮೆಯ ಬ್ಯಾಂಡ್ ಸೆಟ್ಟಿನವರಿಗೆಲ್ಲ ಕೆಂಪು ಕೋಟು ಹೊಲಿದುಕೊಟ್ಟವನು ನಾನೇ, ಶೀನ ಟೈಲರ್. ಟ್ರಂಪೆಟ್ ಊದುವವನಿಗೆ ಎದೆಯಲ್ಲಿ ಸಡಿಲ ಬೇಕು. ದೊಡ್ಡ ಡ್ರಮ್ಮಿನವನಿಗೆ ಕಂಕುಳಲ್ಲಿ ಜಾಗ ಬೇಕು. ಕ್ಲಾರಿಯೋನೆಟ್ಟಿನವನಿಗೆ ಕಾಲರು ಬಿಗಿದರೆ ರಾಗ ಅಲ್ಲಿಗೇ ನಿಂತಿತು. ಇಷ್ಟು ತಿಳಿದವನಿಗೆ ಸಂಗೀತದಲ್ಲಿ ಇನ್ನು ತಿಳಿಯುವುದಕ್ಕೆ ಏನು ಉಳಿದಿದೆ?

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಗ ಸುಧಾಕರ ಮಸ್ಕತ್ತಿನಿಂದ ರಜೆಯಲ್ಲಿ ಬಂದು, ಮದುವೆಯಾಗಿ, ಹೆಂಡತಿಯನ್ನೂ ಒಂದು ಟೂ-ಇನ್-ವನ್ನನ್ನೂ ನಮ್ಮ ಮನೆಯಲ್ಲಿ ಬಿಟ್ಟು ವಾಪಸು ಹೋಗಿದ್ದ. ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಆ ಯಂತ್ರ ಆಗ ಕಟಪಾಡಿಯಲ್ಲಿ ಬೆರಳೆಣಿಕೆಯಷ್ಟು ಮನೆಯಲ್ಲಿ ಮಾತ್ರ ಇತ್ತು. ಸೊಸೆ ಶಶಿಕಲಾ ನಮ್ಮ ಮನೆಗೆ ಹೊಂದಿಕೊಳ್ಳಲು ಕೆಲವು ದಿನ ಬೇಕಾಯಿತು. ನಾನು ಟೂ-ಇನ್-ವನ್ನಿಗೆ ಹೊಂದಿಕೊಳ್ಳಲು ಒಂದು ಸಂಜೆ ಸಾಕಾಯಿತು!

ಅದರ ಜೊತೆ ಕಿವಿಗೆ ಹಾಕುವ ಹೆಡ್‌ಫೋನ್ ಬೇರೆ. ಹಾಕಿಕೊಂಡು ಕುಳಿತರೆ ನಾನು ಯಾವುದೋ ವಿಮಾನ ಓಡಿಸುವವನ ಹಾಗೆ ಕಾಣುತ್ತೇನೆಂದು ನನ್ನ ಅಂದಾಜು. ಸಂಗೀತ ಚೆನ್ನಾಗಿದ್ದರೆ "ಆಹಾ! ಭೇಷ್!" ಎನ್ನುವುದು ನನ್ನ ಅಭ್ಯಾಸ. ಕಿವಿ ಮುಚ್ಚಿದ್ದರಿಂದ ಅದು ನನಗೆ ಮೆಲ್ಲಗೆ ಕೇಳುತ್ತಿತ್ತು. ಹೈವೇಯಲ್ಲಿ ಹೋಗುವವರಿಗೆ ಜೋರಾಗಿ ಕೇಳುತ್ತಿತ್ತಂತೆ.

"ನೀವು ಪದ ಕೇಳುವುದು ಕೇಳಿ. ನಮಗೆ ಯಾಕೆ ಹೆದರಿಸುವುದು?" ಎಂದು ನನ್ನ ಹೆಂಡತಿ ಕಮಲ ಒಂದು ದಿನ ಹೆಡ್‌ಫೋನಿನ ವಯರು ಎಳೆದೇ ಕೇಳಿದಳು.

ಅಷ್ಟರಲ್ಲಿ ನನಗೆ ಮೊಮ್ಮಗಳು ಹುಟ್ಟಿದಳು. ಅಯ್ಯೋ, ಅವಳ ಬಗ್ಗೆ ಹೇಳಲು ಹೊರಟರೆ ಈ ಬರಹ ಇಲ್ಲಿಗೇ ಮುಗಿಯುತ್ತದೆ, ಬೇರೆ ಏನೂ ಹೇಳಲು ಆಗುವುದಿಲ್ಲ. ಹೆಸರು ಅಶ್ವಿನಿ, ಕರೆಯುವುದು ಬೇಬಿ. ಕೆಳಗೆ ಎರಡು ಹಲ್ಲು. ಆ ಎರಡು ಹಲ್ಲು ತೋರಿಸಿ ಅವಳು ನಕ್ಕರೆ ನಾನು ಗಿರಾಕಿಯ ಪ್ಯಾಂಟಿಗೆ ತೋಳು ಇಟ್ಟು ಹೊಲಿದ ದಿನವೂ ಉಂಟು. ಲೋಕದಲ್ಲಿ ಎಲ್ಲರಿಗೂ ಮೊಮ್ಮಕ್ಕಳಿರುತ್ತಾರೆ, ಒಪ್ಪಿದೆ. ಆದರೆ ಅವೆಲ್ಲ ರೆಡಿಮೇಡ್. ಇದು ಮಾತ್ರ ಅಳತೆ ಕೊಟ್ಟು ಹೊಲಿಸಿದ್ದು!

ಮಗಳನ್ನು ಸುಧಾಕರ ಇನ್ನೂ ನೋಡಿರಲಿಲ್ಲ. ಆಗ ಗಲ್ಫಿನ ಮನೆಗಳಲ್ಲೆಲ್ಲ ಕಾಗದದ ಬದಲು ಕ್ಯಾಸೆಟ್ ಕಳಿಸುವ ಕ್ರಮ. ಅವನು ಅಲ್ಲಿಂದ ಕ್ಯಾಸೆಟ್ಟಿನಲ್ಲಿ ಮಾತಾಡಿ ರಜೆಗೆ ಬರುವವರ ಕೈಯಲ್ಲಿ ಕಳಿಸುವುದು, ನಾವು ಟೂ-ಇನ್-ವನ್ನಿನ ಸುತ್ತ ಚಾಪೆ ಹಾಕಿ ಕುಳಿತು ಕೇಳುವುದು. ಮತ್ತೆ ನಾವು ಮಾತಾಡಿ, ವಾಪಸು ಹೋಗುವವರ ಕೈಯಲ್ಲಿ ಕಳಿಸುವುದು. ಕಮಲ ಮಾತಾಡುವ ಮೊದಲು ಸೆರಗು ಸರಿಮಾಡಿ ಎದ್ದು ನಿಲ್ಲುತ್ತಿದ್ದಳು. ಪೆಟ್ಟಿಗೆಯಲ್ಲಿ ಮಗನ ಸ್ವರ ಬಂದಾಗ ನಾವೆಲ್ಲ ಬೇಬಿಗೆ ಬೆರಳು ಮಾಡಿ ತೋರಿಸುವುದು, "ನೋಡು ಬೇಬಿ, ಪಪ್ಪ! ಪಪ್ಪ!" ಬೇಬಿ ಕಣ್ಣರಳಿಸಿ ಪೆಟ್ಟಿಗೆಯನ್ನು ನೋಡುತ್ತಿದ್ದಳು.

ಕಳೆದ ಸಲದ ಕ್ಯಾಸೆಟ್ಟಿನಲ್ಲಿ ಸುಧಾಕರ ಹೇಳಿದ್ದು ಒಂದೇ ಮಾತು. "ಅಪ್ಪ, ನನಗೆ ಬೇರೆ ಎಂತದೂ ಬೇಡ. ಉಪ್ಪಿನಕಾಯಿ ಬೇಡ, ಹಪ್ಪಳ ಬೇಡ. ಬೇಬಿ ಒಮ್ಮೆ 'ಪಪ್ಪ' ಅಂದದ್ದು ಕೇಳಿದರೆ ಸಾಕು." ಆಮೇಲೆ ಟೇಪಿನಲ್ಲಿ ಫ್ಯಾನ್ ತಿರುಗುವ ಸದ್ದು ಮಾತ್ರ. ಶಶಿಕಲಾ ಎದ್ದು ಒಳಗೆ ಹೋದಳು. ಕಮಲ ಸೆರಗಿನಲ್ಲಿ ಮೂಗು ಒರೆಸಿದಳು.

ಆ ದಿನದಿಂದ ನಮ್ಮ ಮನೆಯ ಒಂದೇ ಉದ್ಯೋಗ, ಬೇಬಿಯ ಬಾಯಿಯಿಂದ 'ಪಪ್ಪ' ಬರಿಸುವುದು.

ನನಗೆ ಮಾತ್ರ ಇನ್ನೊಂದು ಉದ್ಯೋಗ ಗಂಟುಬಿತ್ತು. ಅದಕ್ಕೆ ಕಾರಣ ಕಾರ್ಕಳದ ಒಂದು ಮದುವೆ.

ಹುಡುಗ ದುಬೈಯವನು. ಮದುವೆ ಹಾಲ್‌ನ ನಾಲ್ಕು ಮೂಲೆಗೂ ಮೈಕ್, ಕ್ಯಾಸೆಟ್ ಹಾಕಿ ಕಿವಿ ಹರಿಯುವಷ್ಟು ಹಾಡು. ಕಾಪುವಿನ ಬಾಬಣ್ಣನ ಬ್ಯಾಂಡನ್ನೂ ಕರೆದಿದ್ದರು, ಅದು ಹುಡುಗನ ಅಜ್ಜಿಯ ಹಟಕ್ಕೆ. ಕರೆದು ಎಲ್ಲಿ ಕುಳ್ಳಿರಿಸಿದ್ದರು ಗೊತ್ತೇ? ಎಂಜಲೆಲೆ ರಾಶಿ ಹಾಕುವ ಜಾಗದ ಪಕ್ಕ. ಒಂದು ಕಾಲದಲ್ಲಿ ಈ ಬ್ಯಾಂಡು ಬರುವ ದಿನ ನೋಡಿ ಮುಹೂರ್ತ ಇಡುತ್ತಿದ್ದರು. ಈಗ ಅವರಿಗೆ ಒಂದು ಲೋಟ ಚಾ ಕೊಡುವವರಿಲ್ಲ. ದಿಬ್ಬಣ ಗೇಟಿಗೆ ಬಂತು ಎನ್ನುವಾಗ ಕರೆಂಟು ಹೋಯಿತು. ಮೈಕು ಸತ್ತಿತು. ಹುಡುಗನ ಮಾವನವರ ಮುಖ ಮೈಕಿಗಿಂತ ಮೊದಲೇ ಸತ್ತಿತ್ತು.

ಆಗ ಬಾಬಣ್ಣ ಎದ್ದ. ಕ್ಲಾರಿಯೋನೆಟ್ ತುಟಿಗಿಟ್ಟ. ಹಿಂದಿನಿಂದ ದೊಡ್ಡ ಡ್ರಮ್ಮು, ಡುಂ! ನನ್ನ ರೋಮವೆಲ್ಲ ನಿಂತಿತು. ಇಂಥ ನಾದವನ್ನು ಬಿಟ್ಟು ನಾನು ಇಷ್ಟು ದಿನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಏನು ಕೇಳುತ್ತಿದ್ದೆ? ಕಣ್ಣಲ್ಲಿ ನೀರು ಬಂತು. ಅವರು ಹಾಕಿದ್ದು ನಾನು ಹೊಲಿದ ಕೋಟು ಎಂದು ಗೊತ್ತಾದ ಮೇಲಂತೂ ನೀರು ನಿಲ್ಲಲೇ ಇಲ್ಲ. ಅಷ್ಟರಲ್ಲಿ ಹಾಳಾದ ಕರೆಂಟು ವಾಪಸು ಬಂತು. ಯಾರೋ ಓಡಿ ಬಂದು, "ಸಾಕು ಸಾಕು, ನಿಲ್ಲಿಸಿ! ಕ್ಯಾಸೆಟ್ ಹಾಕುದುಂಟು!" ಎಂದರು. ಬಾಬಣ್ಣ ರಾಗದ ನಡುವೆಯೇ ಕ್ಲಾರಿಯೋನೆಟ್ ಇಳಿಸಿ ಎಲೆಯ ರಾಶಿಯ ಪಕ್ಕ ಹೋಗಿ ಕುಳಿತ.

ಅಲ್ಲೇ, ಪಾಯಸದ ಎಲೆಯ ಮುಂದೆ, ನಾನು ಪ್ರತಿಜ್ಞೆ ಮಾಡಿದೆ. ಮರೆತುಹೋದ ಬ್ಯಾಂಡುಗಳನ್ನೆಲ್ಲ ಹುಡುಕಿ ಟೇಪಿನಲ್ಲಿ ಹಿಡಿದಿಡುವುದು. ಶೀನ ಟೈಲರನಿಂದ ಸಂಗೀತಲೋಕದ ಉದ್ಧಾರ!

ಉದ್ಧಾರ ಶುರುವಾಯಿತು. ಅಂಗಡಿಗೆ ಬಾಗಿಲು ಹಾಕಿ ಬಸ್ಸು ಹತ್ತಿದೆ. ಆದಿ ಉಡುಪಿಯ ಒಂದು ಬ್ಯಾಂಡಿನ ಟ್ರಂಪೆಟ್ ಸಿಕ್ಕಿತು. ಸೀಮೆಎಣ್ಣೆ ಡಬ್ಬಿಗೆ ಬಾಯಿ ಮೇಲೆ ಮಾಡಿ ಸಿಕ್ಕಿಸಿ ಇಟ್ಟಿದ್ದರು, ಎಣ್ಣೆ ಹೊಯ್ಯಲು ಅನುಕೂಲವಂತೆ. ಕಾರ್ಕಳದ ಕಡೆ ಒಂದು ಮನೆಯಲ್ಲಿ ದೊಡ್ಡ ಡ್ರಮ್ಮು ಇತ್ತು. ಅದರ ಒಂದು ಬದಿಯ ಚರ್ಮ ಹೋಗಿತ್ತು, ಒಳಗೆ ಹೇಂಟೆ ಕಾವಿಗೆ ಕುಳಿತಿತ್ತು. ನಾನು ಬಗ್ಗಿ ನೋಡಿದೆ. ಅದು ಕುಕ್ಕಿತು. ಆ ದಿನ ನಾನು ಕೇಳಿದ ಸಂಗೀತ ಅಷ್ಟೇ.

ಕೊನೆಗೆ ಪೂರಾ ಉಳಿದಿದ್ದ ಬ್ಯಾಂಡು ಬಾಬಣ್ಣನದೊಂದೇ. ಕಾಪು ಪೇಟೆಯಲ್ಲಿ ಅವನದೊಂದು ಬೀಡಾ ಅಂಗಡಿ. ನಾನು ಎದೆ ಉಬ್ಬಿಸಿ ವಿಷಯ ಹೇಳಿದೆ. ಅವನು ವೀಳ್ಯದೆಲೆಗೆ ಸುಣ್ಣ ಸವರುತ್ತಾ ಕೇಳಿದ.

"ಟೈಲರ್ರೇ, ಒಂದು ಮಾತು ಕೇಳ್ತೇನೆ. ಬ್ಯಾಂಡಂದ್ರೆ ಇಷ್ಟು ಜೀವ ಬಿಡ್ತೀರಿ. ನಿಮ್ಮ ಮಗನ ಮದುವೆಗೆ ಯಾರ ಬ್ಯಾಂಡ್ ಇತ್ತು?"

ನಾನು ಬೀಡಾ ಅಂಗಡಿಯ ಬಾಳೆಗೊನೆಯನ್ನು ನೋಡಿದೆ. ಒಳ್ಳೆಯ ಗೊನೆ. ಮಗನ ಮದುವೆಗೆ ನಾನು ಉಡುಪಿಯಿಂದ ಮೈಕ್ ಸೆಟ್ ತರಿಸಿದ್ದೆ, ಬಣ್ಣದ ಲೈಟಿನ ಸಮೇತ.

"ಅದು... ಬೀಗರ ಒತ್ತಾಯ ಮಾರಾಯ" ಎಂದೆ.

"ಎಲ್ಲರಿಗೂ ಬೀಗರು ಇರ್ತಾರೆ ಮಾರಾಯ್ರೆ" ಎಂದು ಬಾಬಣ್ಣ ನಕ್ಕ. ಆದರೆ ಒಳ್ಳೆಯವನು. ಬರುತ್ತೇನೆ ಎಂದ. "ನಮ್ಮ ಕೋಟೆಲ್ಲ ಬಿಗಿ ಆಗಿದೆ. ಲುಂಗಿಯಲ್ಲೇ ಬಂದು ಊದಿದರೆ ಆಗುದಿಲ್ವಾ? ಟೇಪಿಗಲ್ವಾ?"

"ಕೋಟಿಲ್ಲದೆ ಬ್ಯಾಂಡೇ? ಸಾಧ್ಯವೇ ಇಲ್ಲ! ಎಲ್ಲರ ಕೋಟು ಕೊಡು, ನಾನು ಹೊಲಿಗೆ ಬಿಡಿಸಿ ಸಡಿಲ ಮಾಡಿ ಕೊಡುತ್ತೇನೆ" ಎಂದೆ.

ಕೋಟುಗಳ ರಾಶಿ ಹೊತ್ತು ಮನೆಗೆ ಬಂದಾಗ ಕಮಲ ನಡುಮನೆಯಲ್ಲಿ ಬೇಬಿಯ ಮುಂದೆ ಕುಳಿತು "ಪ... ಪ..." ಎನ್ನುತ್ತಿದ್ದಳು.

"ಇದೆಂತ ಕೆಂಪು ರಾಶಿ?"

ವಿವರಿಸಿದೆ.

"ಅಲ್ಲ, ನನಗೆ ಒಂದು ಗೊತ್ತಾಗಲಿಲ್ಲ. ಟೇಪಿನಲ್ಲಿ ಕೋಟು ಕೇಳ್ತದಾ?"

"ಕೋಟು ಹಾಕಿದರೆ ಉಸಿರು ನೆಟ್ಟಗೆ ಬರುತ್ತದೆ. ನಿನಗೆ ಸಂಗೀತ ತಿಳಿಯುವುದಿಲ್ಲ."

"ನಿಮಗೆ ತಲೆ ಮರ್ಲು ಅಂತ ತಿಳಿದರೆ ಸಾಕಲ್ವಾ ನನಗೆ" ಎಂದು ಅವಳು ಮತ್ತೆ ಬೇಬಿಯ ಕಡೆ ತಿರುಗಿದಳು.

ರೆಕಾರ್ಡಿಂಗಿಗೆ ಗೊತ್ತುಮಾಡಿದ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಪವಾಡ ನಡೆಯಿತು. ಶಶಿಕಲಾ ಬೇಬಿಗೆ ರಾಗಿ ಮಣ್ಣಿ ತಿನ್ನಿಸುತ್ತಿದ್ದಳು. ಟೂ-ಇನ್-ವನ್ ಎದುರಿಗೇ ಇತ್ತು. ಬೇಬಿ ಅದನ್ನು ನೋಡಿ, ಬಾಯಿಯ ಮಣ್ಣಿಯೆಲ್ಲ ಹೊರಗೆ ಹಾರುವ ಹಾಗೆ, "ಪಪ್ಪ!" ಎಂದಳು.

ಮನೆಯಲ್ಲಿ ಕೂಗೆದ್ದಿತು. ಕಮಲ ಕೈಯ ಸೌಟು ಬಿಸಾಡಿದಳು. ಸೊಸೆ ಹೊಸ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದಳು. ಬೇಬಿ ಮತ್ತೆ ಹೇಳಿದಳು. ಮತ್ತೂ ಹೇಳಿದಳು. ಒಮ್ಮೆ ನಗುತ್ತಾ ಹೇಳಿದಳು, ಒಮ್ಮೆ ಗದರಿಸುವ ಹಾಗೆ ಹೇಳಿದಳು. ಹಿಂದೆ ತಿರುಗಿಸಿ ಕೇಳಿದೆವು. ಏನು ಸ್ಪಷ್ಟ! ಏನು ಕಂಠ! ನಾನು "ಆಹಾ!" ಎಂದದ್ದು ಕೇಳಿ ಪಕ್ಕದ ಮನೆಯವರು ಯಾರಿಗೆ ಏನಾಯಿತೆಂದು ಓಡಿ ಬಂದರು.

ಅದೇ ದಿನ ಸಂಜೆ ಕಾಪುವಿನ ಗಣೇಶ ಮಸ್ಕತ್ತಿಗೆ ಹೊರಡುವವನಿದ್ದ. ಉಡುಪಿಯಿಂದ ಬೊಂಬಾಯಿ ಬಸ್ಸು, ಅಲ್ಲಿಂದ ವಿಮಾನ. ಉಡುಪಿಗೆ ಹೋಗುವಾಗ ಕಟಪಾಡಿಯಲ್ಲಿ ಇಳಿದು ಕ್ಯಾಸೆಟ್ ಒಯ್ಯುತ್ತೇನೆ ಎಂದಿದ್ದ. ಎಲ್ಲ ದೇವರೇ ಹೊಂದಿಸಿಕೊಟ್ಟ ಹಾಗೆ. ಬೇಬಿಗೆ ಮಣಿಪಾಲದಲ್ಲಿ ಇಂಜೆಕ್ಷನ್ ಕೊಡಿಸಲು ಇತ್ತು. ಅತ್ತೆ ಸೊಸೆ ಮಗುವನ್ನು ಎತ್ತಿಕೊಂಡು ಬಸ್ಸಿಗೆ ಹೊರಟರು.

"ಮಾವ, ಕ್ಯಾಸೆಟ್ ಟೂ-ಇನ್-ವನ್ನಿನ ಒಳಗೇ ಉಂಟು. ನಾನು ಬಂದು ತೆಗೀತೇನೆ" ಎಂದಳು ಶಶಿಕಲಾ. ಕಮಲ ಇದನ್ನೇ ಬೇರೆ ಮಾತಿನಲ್ಲಿ ಹೇಳಿದಳು: "ಮುಟ್ಟಬೇಡಿ!"

ಅವರು ಹೋದ ಸ್ವಲ್ಪ ಹೊತ್ತಿಗೆ ಬಾಬಣ್ಣನ ಬ್ಯಾಂಡು ಟೆಂಪೋದಲ್ಲಿ ಬಂದಿಳಿಯಿತು. ಎಲ್ಲರೂ ಕೆಂಪು ಕೋಟಿನಲ್ಲಿ! ನಾನು ಎಷ್ಟು ಬಿಡಿಸಿ ಕೊಟ್ಟಿದ್ದರೂ ಹೊಟ್ಟೆಗಳು ಅದಕ್ಕಿಂತ ಮುಂದೆ ಹೋಗಿದ್ದವು. ಗುಂಡಿ ಹಾಕಿದ ಮೇಲೆ ದೊಡ್ಡ ಡ್ರಮ್ಮಿನ ಸಂಜೀವನಿಗೆ ಕೈ ಕೆಳಗಿಳಿಸಲು ಆಗುತ್ತಿರಲಿಲ್ಲ. ಟ್ರಂಪೆಟ್ಟಿನವನು ಉಸಿರು ಎಳೆಯುತ್ತಿದ್ದ, ಬಿಡುತ್ತಿರಲಿಲ್ಲ.

ಅಂಗಳದಲ್ಲಿ ನಿಲ್ಲಿಸಿದೆ. ಜಗಲಿಯಲ್ಲಿ ಟೂ-ಇನ್-ವನ್ ಇಟ್ಟೆ. ಖಾಲಿ ಕ್ಯಾಸೆಟ್? ಅದನ್ನು ತರಬೇಕೆಂಬುದೇ ನನಗೆ ನೆನಪಾಗಿರಲಿಲ್ಲ! ಕೋಟಿನ ಗಡಿಬಿಡಿಯಲ್ಲಿ ಮುಖ್ಯ ವಸ್ತುವೇ ಬಿಟ್ಟುಹೋಗಿತ್ತು. ಉಡುಪಿಗೆ ಹೋಗಿ ತರುವಷ್ಟರಲ್ಲಿ ಈ ಕೋಟುಗಳ ಹೊಲಿಗೆ ಉಳಿಯುವುದಿಲ್ಲ.

ಆಗ ನನ್ನೊಳಗಿನ ಟೈಲರ್ ಎಚ್ಚರಗೊಂಡ. ಬೇಬಿಯ ಮಾತು ಇರುವುದು ಕ್ಯಾಸೆಟ್ಟಿನ ಒಂದು ಬದಿಯಲ್ಲಿ, ಎ ಸೈಡಿನಲ್ಲಿ. ಇನ್ನೊಂದು ಬದಿ, ಬಿ ಸೈಡು, ಪೂರಾ ಖಾಲಿ! ಶರ್ಟು ಹೊಲಿದು ಉಳಿದ ಬಟ್ಟೆಯಲ್ಲಿ ಕಿಸೆ ಹೊಲಿಯದೆ ಬಿಸಾಡಿದವನಲ್ಲ ನಾನು. ಅಷ್ಟುದ್ದದ ಟೇಪು ಸುಮ್ಮನೆ ಮಸ್ಕತ್ತಿನವರೆಗೆ ಖಾಲಿ ಹೋಗುವುದೇ? ಒಂದು ಕಡೆ ಮಗಳ ಮಾತು, ಇನ್ನೊಂದು ಕಡೆ ಊರಿನ ಬ್ಯಾಂಡು. ಮಗ ಕುಣಿದಾಡಬೇಕು! ಮುಚ್ಚಳ ತೆರೆದೆ. ಕ್ಯಾಸೆಟ್ಟನ್ನು ಜಾಗ್ರತೆಯಾಗಿ ಹೊರಗೆ ತೆಗೆದೆ. ತಿರುಗಿಸಿ ಹಾಕಿದೆ. ಮೊದಲ ತನಕ ಹಿಂದೆ ಸುತ್ತಿದೆ. ರೆಕಾರ್ಡ್ ಆಗಲು ಒತ್ತಬೇಕಾದ ಎರಡು ಗುಂಡಿ ಒಟ್ಟಿಗೆ ಒತ್ತಿದೆ.

ಬ್ಯಾಂಡು ಶುರುವಾಯಿತು. ಅದರ ವರ್ಣನೆ ನನ್ನಿಂದ ಸಾಧ್ಯವಿಲ್ಲ. ನಾನು ಪೆಟ್ಟಿಗೆಯ ಮೈಕಿನ ಪಕ್ಕದಲ್ಲೇ ಕುಳಿತು ತೊಡೆ ತಟ್ಟಿ ತಾಳ ಹಾಕಿದೆ, ಕಣ್ಣು ಮುಚ್ಚಿ "ಆಹಾ!" ಎಂದೆ, ಕಣ್ಣು ತೆರೆದು "ಭೇಷ್!" ಎಂದೆ. ಟೇಪು ಮುಗಿಯುವ ತನಕ ಊದಿದರು. ನಾನು ಬೆವರಿನಲ್ಲಿ ಮಿಂದಿದ್ದೆ. ಅವರಂತೂ ಕೋಟಿನಲ್ಲಿ ಬೆಂದಿದ್ದರು.

ಎಲ್ಲರೂ ಅವಲಕ್ಕಿ ತಿನ್ನುತ್ತಿರುವಾಗ ಅಂಬಾಸಿಡರ್ ಕಾರಿನಲ್ಲಿ ಗಣೇಶ ಬಂದ. ಮೈಯಿಡೀ ಸೆಂಟು. "ಬಸ್ಸು ಇವತ್ತು ಬೇಗ ಬರ್ತದಂತೆ. ಕ್ಯಾಸೆಟ್ ಕೊಡಿ ಟೈಲರಣ್ಣ, ಗಡಿಬಿಡಿ ಉಂಟು" ಎಂದ. ನಾನು ಎರಡು ಕೈಯಲ್ಲಿ, ತಾಂಬೂಲ ಕೊಡುವ ಹಾಗೆ ಕೊಟ್ಟೆ. ಕಾರು ಹೋಯಿತು.

ಅದು ಹೋದ ಧೂಳು ಇಳಿಯುವ ಮೊದಲೇ ಅತ್ತೆ ಸೊಸೆ ಬಂದರು. ಬೇಬಿ ಇಂಜೆಕ್ಷನ್ನಿನ ನೋವಿಗೆ ಮುಗಿಲು ಹರಿಯುವ ಹಾಗೆ ಅಳುತ್ತಿದ್ದಳು. ಸಂಜೀವ ಎದ್ದು ದೊಡ್ಡ ಡ್ರಮ್ಮಿಗೆ ಒಂದು ಪೆಟ್ಟು ಹಾಕಿದ, ಡುಂ! ಅಳು ಅಲ್ಲಿಗೇ ನಿಂತಿತು. ಬೇಬಿ ಬಾಯಿ ತೆರೆದು ಡ್ರಮ್ಮನ್ನೇ ನೋಡಿದಳು.

"ನೋಡಿದೆಯಾ! ನನ್ನ ಮೊಮ್ಮಗಳಿಗೆ ಸಂಗೀತದ ರಕ್ತ!" ಎಂದೆ.

ಶಶಿಕಲಾ ಟೂ-ಇನ್-ವನ್ನಿನ ಮುಚ್ಚಳ ತೆರೆದಳು. "ಮಾವ, ಕ್ಯಾಸೆಟ್ ಎಲ್ಲಿ?"

"ಗಣೇಶ ಬಂದಿದ್ದ. ಕೊಟ್ಟೆ."

"ಕೊಟ್ರಾ? ಬಿ ಸೈಡಿನಲ್ಲಿ ನನಗೆ ಅವರ ಹತ್ರ ಸ್ವಲ್ಪ ಮಾತಾಡ್ಲಿಕ್ಕೆ ಇತ್ತು" ಎಂದು ಸೊಸೆಯ ಮುಖ ಸಣ್ಣದಾಯಿತು.

"ಬಿ ಸೈಡಿನ ಚಿಂತೆ ಬೇಡ ಮಗಾ. ಖಾಲಿ ಹೋಗಲಿಲ್ಲ. ನಾನು ಕ್ಯಾಸೆಟ್ ತಿರುಗಿಸಿ ಹಾಕಿ ಬ್ಯಾಂಡು ತುಂಬಿಸಿದ್ದೇನೆ!"

"ತಿರುಗಿಸಿದ್ರಾ?" ಅವಳ ಸ್ವರ ಬೇರೆಯಾಯಿತು. "ನಾನು ಬೆಳಿಗ್ಗೆಯೇ ತಿರುಗಿಸಿ ಬಿ ಸೈಡ್ ಮಾಡಿ ಇಟ್ಟಿದ್ದೆ ಮಾವ!"

ಅಂಗಳದಲ್ಲಿ ಅವಲಕ್ಕಿ ಜಗಿಯುವ ಸದ್ದು ನಿಂತಿತು.

ಬಿ ಸೈಡನ್ನು ತಿರುಗಿಸಿದರೆ ಏನು ಬರುತ್ತದೆ? ಕೋಟಿನ ಒಳಗು ಹೊರಗು ತಿಳಿದ ನನಗೆ ಇದು ತಿಳಿಯಲು ಹೊತ್ತು ಬೇಕಾಗಲಿಲ್ಲ. ಎ ಸೈಡು! 'ಪಪ್ಪ'ನ ಮೇಲೆ ನಾನು ಬಾಬಣ್ಣನನ್ನು ಹೊಲಿದುಬಿಟ್ಟಿದ್ದೆ!

ಕಮಲ ನನ್ನನ್ನು ನೋಡಿದಳು. ಬೈಯಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಅವಳು ಬೈಯದೇ ಇದ್ದದ್ದು. ನನಗೆ ಹೆದರಿಕೆಯಾಯಿತು.

"ಟೆಂಪೋ ತೆಗಿ!" ಎಂದು ಬಾಬಣ್ಣ ಕೂಗಿದ. "ಬಸ್ಸು ಹೋಗುವ ಮೊದಲು ಹಿಡಿಯುವ!"

ಟೆಂಪೋದ ಎದುರು ಸೀಟಿನಲ್ಲಿ ಬೇಬಿಯನ್ನು ಮಡಿಲಲ್ಲಿ ಹಿಡಿದ ಶಶಿಕಲಾ ಮತ್ತು ಕಮಲ. ಹಿಂದೆ ಕೆಂಪು ಕೋಟಿನ ಪೂರಾ ಬ್ಯಾಂಡು, ಅವರ ನಡುವೆ ಟೂ-ಇನ್-ವನ್ ಅಪ್ಪಿಕೊಂಡ ನಾನು. ದಾರಿಯಲ್ಲಿ ಜನ ನಿಂತು ನೋಡಿದರು. ಒಬ್ಬ ಸೈಕಲ್ಲಿನವನು, "ಯಾರ ಮದುವೆ ಟೈಲರಜ್ಜ?" ಎಂದು ಕೇಳಿದ. ನನ್ನ ತಿಥಿ ಎನ್ನುವ ಮಾತು ಬಾಯಿಯ ತುದಿಗೆ ಬಂತು.

ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೋಗಿಯಾಗಿತ್ತು. "ಈಗಷ್ಟೇ! ಸಂತೆಕಟ್ಟೆಯಲ್ಲಿ ಸಿಗಬಹುದು, ಅಲ್ಲಿ ಜನ ಹತ್ತಲಿಕ್ಕೆ ಉಂಟು" ಎಂದ ಒಬ್ಬ ಏಜೆಂಟ್. ಟೆಂಪೋ ಮತ್ತೆ ಹಾರಿತು. ಸಂತೆಕಟ್ಟೆ ತಲುಪುವಾಗ ಬೊಂಬಾಯಿ ಬಸ್ಸು ನಿಧಾನವಾಗಿ ಮುಂದೆ ಹೊರಟಿತ್ತು. ಹಾರನ್ ಹಾಕಿದರೂ ನಿಲ್ಲಿಸಲಿಲ್ಲ, ಕೈ ಬೀಸಿದರೂ ನಿಲ್ಲಿಸಲಿಲ್ಲ.

"ಊದಿರಿ ಮಾರಾಯ್ರೆ!" ಎಂದೆ.

ಟೆಂಪೋದ ಹಿಂದೆ ನಿಂತೇ ಊದಿದರು. ಡುಂ ಡುಂ ಡುಂ! ಬೊಂಬಾಯಿ ಬಸ್ಸಿನ ಡ್ರೈವರ್ ಯಾರದೋ ದಿಬ್ಬಣ ಬರುತ್ತಿದೆಯೆಂದು ಮರ್ಯಾದೆಯಿಂದ ಬಸ್ಸನ್ನು ಬದಿಗೆ ಹಾಕಿದ. ಎಲ್ಲ ಕಿಟಕಿಗಳಿಂದ ತಲೆಗಳು ಹೊರಬಂದವು. ಗಣೇಶ ಕೆಳಗಿಳಿದ. ನಮ್ಮನ್ನೂ ಬ್ಯಾಂಡನ್ನೂ ನೋಡಿದ. ಅವನ ಕಣ್ಣು ತುಂಬಿತು.

"ನನ್ನನ್ನು ಕಳಿಸಿಕೊಡಲಿಕ್ಕೆ ಬ್ಯಾಂಡು ತಂದ್ರಾ ಟೈಲರಣ್ಣ! ನಮ್ಮ ಮನೆಯವರೂ ಹೀಗೆ ಮಾಡಲಿಲ್ಲ!"

"ಕ್ಯಾಸೆಟ್ ಎಲ್ಲಿದೆ ಗಣೇಶ?" ಎಂದೆ.

ಅವನ ಕಣ್ಣೀರು ಒಳಗೆ ಹೋಯಿತು. ಕ್ಯಾಸೆಟ್ ಬ್ಯಾಗಿನ ತಳದಲ್ಲಿತ್ತು. ಹೈವೇ ಬದಿಯಲ್ಲಿ ಬ್ಯಾಗು ಬಿಚ್ಚಿದ. ಹಪ್ಪಳ ಬಂತು, ಒಣಮೀನು ಬಂತು, ಮಾವಿನ ಮಿಡಿಯ ಭರಣಿ ಬಂತು, ಬನಿಯನ್ನುಗಳು ಬಂದವು. ಪ್ರತಿಯೊಂದಕ್ಕೂ ಕಿಟಕಿಯವರು ಅಭಿಪ್ರಾಯ ಹೇಳಿದರು. ಕೊನೆಗೆ ಕ್ಯಾಸೆಟ್ ಬಂತು. ನಾನು ಅದನ್ನು ಎದೆಗೆ ಒತ್ತಿಕೊಂಡೆ. ಗೆದ್ದೆ!

ಆಗ ಬಾಬಣ್ಣ ಮೆಲ್ಲಗೆ ಕೇಳಿದ, "ಅಲ್ಲ ಟೈಲರ್ರೇ, ಅಳಿಸಿಹೋದ ಕ್ಯಾಸೆಟ್ಟನ್ನು ವಾಪಸು ತೆಗೊಂಡು ಎಂತ ಮಾಡುದು?"

ನಾನು ಕ್ಯಾಸೆಟ್ ನೋಡಿದೆ. ಬಾಬಣ್ಣನನ್ನು ನೋಡಿದೆ. ಕಟಪಾಡಿಯಿಂದ ಸಂತೆಕಟ್ಟೆಯ ತನಕ ಇಷ್ಟು ಜನ ಓಡಿ ಬಂದಿದ್ದೆವಲ್ಲ, ಈ ಪ್ರಶ್ನೆ ಒಬ್ಬರ ತಲೆಗೂ ಬಂದಿರಲಿಲ್ಲ!

ಬಂದದ್ದು ಶಶಿಕಲಾಳ ತಲೆಗೆ ಮಾತ್ರ. ಅವಳು ನನ್ನ ಕೈಯಿಂದ ಕ್ಯಾಸೆಟ್ ತೆಗೆದುಕೊಂಡಳು, ಖಾಲಿಯಿದ್ದ ಬಿ ಸೈಡು ಮೇಲೆ ಮಾಡಿ ತಾನೇ ಹಾಕಿದಳು. ಬ್ಯಾಟರಿ ಇತ್ತು. ಗುಂಡಿ ಒತ್ತಿದಳು. "ಬೇಬಿ, ಪಪ್ಪ ಹೇಳು. ಒಂದು ಸಲ. ಪಪ್ಪ!"

ಬೇಬಿ ಬೆರಳು ಚೀಪಿದಳು. ಕಮಲ "ಪಪ್ಪ" ಎಂದಳು. ನಾನು "ಪಪ್ಪ" ಎಂದೆ. ಗಣೇಶ ಒಣಮೀನು ಹಿಡಿದುಕೊಂಡೇ "ಪಪ್ಪ" ಎಂದ. ಕಿಟಕಿಯಲ್ಲಿದ್ದ ಒಬ್ಬ ಮುದುಕಿ ಶುರುಮಾಡಿದಳು, ಬಸ್ಸು ಇಡೀ ಹಿಡಿದುಕೊಂಡಿತು, "ಪಪ್ಪ! ಪಪ್ಪ!" ಕಂಡಕ್ಟರ್ ಕೂಡ ಟೈಮು ನೋಡುವುದನ್ನು ಬಿಟ್ಟು ಬಗ್ಗಿ, "ಹೇಳು ಪುಟ್ಟಿ, ಪಪ್ಪ ಹೇಳು, ಬಸ್ಸು ಲೇಟಾಗ್ತದೆ" ಎಂದ.

ಬೇಬಿ ಎಲ್ಲರನ್ನೂ ನೋಡಿದಳು. ಆಮೇಲೆ ಸಂಜೀವನ ಹೊಟ್ಟೆಯ ಮೇಲಿದ್ದ ದೊಡ್ಡ ಡ್ರಮ್ಮನ್ನು ನೋಡಿದಳು. ಎರಡು ಹಲ್ಲು ತೋರಿಸಿ, ಸ್ಪಷ್ಟವಾಗಿ ಹೇಳಿದಳು.

"ಡುಂ!"

ಬಸ್ಸಿಡೀ ನಕ್ಕಿತು. ಶಶಿಕಲಾ ಅಳುತ್ತಿದ್ದವಳು ತಾನೂ ನಕ್ಕಳು. ಇನ್ನೂ ಎರಡು ಸಲ ಕೇಳಿದರೂ 'ಡುಂ' ಬಿಟ್ಟು ಬೇರೆ ಇಲ್ಲ. ಡ್ರೈವರ್ ಹಾರನ್ ಒತ್ತಿದ. ಅದೇ ಕ್ಯಾಸೆಟ್ಟನ್ನು ಗಣೇಶ ಒಯ್ದ. ಮಗ ಕೇಳಿದ್ದು ಒಂದು ಶಬ್ದ, ನಾವು ಕಳಿಸಿದ್ದು ಇನ್ನೊಂದು!

ವಾಪಸು ಬರುವಾಗ ಟೆಂಪೋದಲ್ಲಿ ಕಮಲಳ ಬಾಯಿ ಬಿಚ್ಚಿತು. ಸಂತೆಕಟ್ಟೆಯಲ್ಲಿ ಶುರುವಾದದ್ದು ಕಟಪಾಡಿಯಲ್ಲೂ ಮುಗಿಯಲಿಲ್ಲ. ನನಗೆ ಸಮಾಧಾನವಾಯಿತು.

ಸುಧಾಕರನ ಉತ್ತರದ ಕ್ಯಾಸೆಟ್ ಬಂದಾಗ ನಾನು ಚಾಪೆಯ ಮೇಲೆ ಕೂರಲಿಲ್ಲ, ಬಾಗಿಲ ಹಿಂದೆ ನಿಂತೆ. ಪೆಟ್ಟಿಗೆ ಮಾತಾಡಿತು.

"ಅಪ್ಪ, ಬಾಬಣ್ಣನ ಬ್ಯಾಂಡು ಕಳಿಸಿದ್ದೀರಿ ಅಂತ ಗಣೇಶ ಹೇಳಿದ. ರೂಮಿನವರನ್ನೆಲ್ಲ ಕೂರಿಸಿ ಹಾಕಿದೆ. ಅದರಲ್ಲಿ ಬ್ಯಾಂಡು ಎಲ್ಲುಂಟು ಅಪ್ಪ? 'ಆಹಾ' ಅಂತ ಉಂಟು, 'ಭೇಷ್' ಅಂತ ಉಂಟು, ತೊಡೆಗೆ ಹೊಡೆದದ್ದು ಉಂಟು. ಹಿಂದಿನಿಂದ ದೂರದಲ್ಲಿ ಯಾರದೋ ಮದುವೆ ಆದ ಹಾಗೆ ಕೇಳ್ತದೆ. ಮತ್ತೆ ನಡುವಲ್ಲಿ ಟಪ್ ಅಂತ ಎಂತದೋ ಹಾರಿದ ಸದ್ದು. ಅದೆಂತ?"

ಅದು ಟ್ರಂಪೆಟ್ಟಿನವನ ಕೋಟಿನ ಗುಂಡಿ. ಹಾಗಾದರೆ ಕೋಟು ಟೇಪಿನಲ್ಲಿ ಕೇಳುತ್ತದೆ! ಕಮಲಳಿಗೆ ಇದನ್ನು ಹೇಳಬೇಕೆಂದು ಬಾಗಿಲಿನಿಂದ ತಲೆ ಹೊರಗೆ ಹಾಕಿದೆ. ಅವಳ ಮುಖ ನೋಡಿ ಒಳಗೆ ಎಳೆದುಕೊಂಡೆ. ಕಾರ್ಕಳದವರು ಬಾಬಣ್ಣನನ್ನು ಎಲೆರಾಶಿಯ ಬದಿಗೆ ಕೂರಿಸಿದ್ದರು. ನಾನು ಅವನನ್ನು ನನ್ನ 'ಆಹಾ'ದ ಹಿಂದೆ ಕೂರಿಸಿದ್ದೆ. ದೊಡ್ಡ ವ್ಯತ್ಯಾಸವೇನಿಲ್ಲ. ಕಾರ್ಕಳದಲ್ಲಿ ಊಟವಾದರೂ ಒಳ್ಳೆಯದಿತ್ತು.

"ಬೇಬಿಯ ಸ್ವರ ಕೇಳಿದೆ" ಎಂದು ಪೆಟ್ಟಿಗೆಯಲ್ಲಿ ಮಗ ಮುಂದುವರಿಸಿದ. "ದಿನಾ ಮಲಗುವ ಮೊದಲು ಕೇಳ್ತೇನೆ. ರೂಮಿನವರೆಲ್ಲ ನನ್ನನ್ನು ಈಗ ಡುಂ ಅಂತಲೇ ಕರೆಯುವುದು. ಪರವಾಗಿಲ್ಲ, ರಜೆಯಲ್ಲಿ ಬಂದಾಗ ಎದುರಿನಲ್ಲೇ ಪಪ್ಪ ಅಂತ ಹೇಳಿಸ್ತೇನೆ."

ಬಂದ. ಬ್ಯಾಂಡಿಲ್ಲದೆ ಬರಮಾಡಿಕೊಳ್ಳಬೇಕೆಂದು ಕಮಲಳ ಕಟ್ಟಪ್ಪಣೆಯಾಗಿತ್ತು. ಅಷ್ಟರಲ್ಲಿ ಬೇಬಿ ನಡೆಯುತ್ತಿದ್ದಳು. ಸುಧಾಕರ ಜಗಲಿಯಲ್ಲಿ ಮಂಡಿಯೂರಿ ಎರಡು ಕೈ ಚಾಚಿ, "ಬೇಬೀ, ಪಪ್ಪ ಎಲ್ಲಿ? ಪಪ್ಪ ಯಾರು?" ಎಂದ. ನಾವೆಲ್ಲ ಸುತ್ತ ನಿಂತು ನೋಡಿದೆವು.

ಬೇಬಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನ ಕೈಯ ಪಕ್ಕದಿಂದ ನುಸುಳಿ ಒಳಗೆ ಓಡಿದಳು. ಬೆಂಚಿನ ಮೇಲಿದ್ದ ಟೂ-ಇನ್-ವನ್ನನ್ನು ಎರಡು ಕೈಯಲ್ಲಿ ತಬ್ಬಿ, ಅದಕ್ಕೆ ಕೆನ್ನೆ ಒತ್ತಿ, "ಪಪ್ಪ!" ಎಂದಳು.

ಸುಧಾಕರ ಪೆಟ್ಟಿಗೆಯನ್ನು ನೋಡಿದ. ಅದನ್ನು ಮಸ್ಕತ್ತಿನಿಂದ ಹೊತ್ತು ತಂದವನು ಅವನೇ. ನಕ್ಕ, ಕಣ್ಣೊರೆಸಿಕೊಂಡ, ಮತ್ತೆ ನಕ್ಕ. ಮೂರು ವಾರ ಅವನು ಮಗಳ ಹಿಂದೆ ಬಿದ್ದು ಪೆಟ್ಟಿಗೆಯ ಪಕ್ಕದಲ್ಲೇ ಕುಳಿತು ಮಾತಾಡಿದ. ಒಂದು ಮಧ್ಯಾಹ್ನ ಬೇಬಿ ಪೆಟ್ಟಿಗೆಯನ್ನು ನೋಡಿ, ಅವನನ್ನು ನೋಡಿ, ಬಹಳ ಯೋಚಿಸಿ, ಅವನ ಮಡಿಲಿಗೆ ಹತ್ತಿ ಕುಳಿತು "ಪಪ್ಪ" ಎಂದಳು. ಮನೆಯಿಡೀ ಕುಣಿಯಿತು. ಯಾರೂ ರೆಕಾರ್ಡ್ ಮಾಡಲಿಲ್ಲ. ಮನೆಯ ಕ್ಯಾಸೆಟ್ಟುಗಳು ಒಂದೂ ನನ್ನ ಕೈಗೆ ಸಿಗದ ಹಾಗೆ ಕಮಲ ಅವನ್ನು ಅಟ್ಟಕ್ಕೆ ಏರಿಸಿದ್ದಳು.

"ಇವರು ಯಾರು ಬೇಬಿ?" ಎಂದು ಸುಧಾಕರ ಖುಷಿಯಲ್ಲಿ ನನ್ನನ್ನು ತೋರಿಸಿ ಕೇಳಿದ. ನಾನು ಮುಂದೆ ಬಗ್ಗಿದೆ. ದಿನವಿಡೀ ಎತ್ತಿಕೊಂಡವನು ನಾನು, ಫ್ರಾಕು ಹೊಲಿದುಕೊಟ್ಟವನು ನಾನು. 'ಅಜ್ಜ' ಎನ್ನಲು ಎಷ್ಟು ಹೊತ್ತು?

"ಡುಂ!" ಎಂದಳು ನನ್ನ ಬಂಗಾರ.

ಈಗ ಕಟಪಾಡಿಯಲ್ಲಿ ಬಂದು ಶೀನ ಟೈಲರ್ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ. ಡುಂ ಅಜ್ಜ ಎಂದರೆ ಕಣ್ಣು ಮುಚ್ಚಿ ಕರೆದುಕೊಂಡು ಬರುತ್ತಾರೆ. ನಲವತ್ತು ವರ್ಷ ಮಿಷನ್ ತುಳಿದು ಮಾಡಿದ ಹೆಸರು ಪೂರಾ ಅಳಿಸಿಹೋಗಿದೆ, ಅದರ ಮೇಲೆ ಬೇರೆ ರೆಕಾರ್ಡ್ ಆಗಿದೆ. ಯಾರನ್ನು ದೂರಲಿ? ಎರಡು ಗುಂಡಿ ಒಟ್ಟಿಗೆ ಒತ್ತಿದವನು ನಾನೇ!